ಒಳ್ಳೆಯ ಟೀಚರ್‌ಗೆ ಕ್ಯಾಮೆರಾ ಕೊಟ್ಟರೆ ಆನ್‌ಲೈನ್ ಪಾಠ ಸಿದ್ಧವೇ?

ಚೆನ್ನಾಗಿ ಪಾಠ ಮಾಡುವವರು ವಿಡಿಯೋ ಮಾಡಿ ಹಾಕಿದರೆ ಸಾಕು, ಕೈತುಂಬಾ ಸಂಪಾದನೆ ಎಂಬರ್ಥದ ಸಂದೇಶಗಳು ವಾಟ್ಸಾಪ್‌ನಲ್ಲಿ ಆಗಾಗ ಬರುತ್ತವೆ. ಇದರಲ್ಲಿ ಎಷ್ಟು ನಿಜ? ನೋಡೋಣ.

ತರಗತಿಯಿಂದ ಆನ್‌ಲೈನ್ ಕಲಿಕೆಗೆ ಬರುವ ಶಿಕ್ಷಕರಿಗೆ ನಿಜವಾಗಿಯೂ ಅವಕಾಶವಿದೆ. 2017ರಲ್ಲಿ ಆರಂಭವಾದ ಸರ್ಕಾರದ ‘ದೀಕ್ಷಾ’ದಂಥ ವೇದಿಕೆಗಳಿಗೆ ಪಾಠ ರೂಪಿಸುವವರು ಬೇಕು. ಆದರೆ ಅದು ಬೇರೆಯದೇ ಕೆಲಸ.

ಮೂಡುಬಿದಿರೆ ಬಳಿಯ ಬೆಳುವಾಯಿಯನ್ನೇ ತೆಗೆದುಕೊಳ್ಳಿ. ಅಲ್ಲೊಂದು ಚಿಟ್ಟೆ ಪಾರ್ಕ್ ಇದೆ. ಚಿಟ್ಟೆಯ ಜೀವನಚಕ್ರ ಕಲಿಸುವ ಶಿಕ್ಷಕಿ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯಬಹುದು. ಅರ್ಥವಾಗದಿದ್ದರೆ ಮಕ್ಕಳ ಮುಖವೇ ಹೇಳುತ್ತದೆ. ಕನ್ನಡದಲ್ಲಿ ಹೇಳಿದ್ದನ್ನು ತುಳುವಿನಲ್ಲಿ ಇನ್ನೊಮ್ಮೆ ಹೇಳಿದರಾಯಿತು. ಮೊಬೈಲ್ ಪರದೆಗೆ ಆ ಮುಖ ಕಾಣುವುದಿಲ್ಲ. “ಕೋಶದೊಳಗಿರುವಾಗ ಚಿಟ್ಟೆ ಏನು ತಿನ್ನುತ್ತದೆ?” ಎಂಬ ಪ್ರಶ್ನೆಗೆ ಮಗು “ಎಲೆ” ಎಂದು ಒತ್ತಬಹುದು ಎಂದು ಮೊದಲೇ ಊಹಿಸಿ, “ಎಲೆ ತಿನ್ನುವುದು ಕಂಬಳಿಹುಳು. ಕೋಶದಲ್ಲಿ ಅದು ಏನೂ ತಿನ್ನುವುದಿಲ್ಲ” ಎಂಬ ಉತ್ತರವನ್ನು ಸಿದ್ಧವಾಗಿಡಬೇಕು. ಇದೇ ಕಲಿಕಾ ವಿನ್ಯಾಸ.

ಸಂಶೋಧನೆ ಏನು ಹೇಳುತ್ತದೆ?

* ಎಡ್‌ಎಕ್ಸ್ ವೇದಿಕೆಯ 69 ಲಕ್ಷ ವೀಕ್ಷಣೆಗಳ ಅಧ್ಯಯನ (2014): ವಿಡಿಯೋ ಎಷ್ಟೇ ಉದ್ದವಿದ್ದರೂ ಸಾಮಾನ್ಯ ವೀಕ್ಷಣೆ 6 ನಿಮಿಷ ದಾಟಲಿಲ್ಲ.
* ರೋಡಿಗರ್ ಮತ್ತು ಕಾರ್ಪಿಕಿ ಪ್ರಯೋಗ (2006): ಪಾಠವನ್ನು ಮತ್ತೆ ಓದಿದವರಿಗೆ ವಾರದ ನಂತರ ನೆನಪಿದ್ದದ್ದು 42%. ಓದಿದ್ದನ್ನು ನೆನಪಿಸಿಕೊಂಡು ಬರೆದವರಿಗೆ 56%.
* ‘ಅಸರ್’ ಸಮೀಕ್ಷೆ (2021): ಗ್ರಾಮೀಣ ಭಾರತದಲ್ಲಿ ಶಾಲೆಗೆ ದಾಖಲಾದ 67.6% ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅವರಲ್ಲಿ ಸುಮಾರು ಕಾಲುಭಾಗ ಮಕ್ಕಳ ಕೈಗೆ ಅದು ಸಿಗುತ್ತಿರಲಿಲ್ಲ.

ಅಂದರೆ 40 ನಿಮಿಷದ ಪಾಠವನ್ನು ಹಾಗೇ ಚಿತ್ರೀಕರಿಸಿದರೆ ಆಗದು. ತುಂಡು ಮಾಡಬೇಕು, ನಡುವೆ ಪ್ರಶ್ನೆ ಇಡಬೇಕು, ಅಪ್ಪನ ಫೋನ್ ರಾತ್ರಿ ಮಾತ್ರ ಸಿಗುವ ಮಗುವಿಗೂ ತಲುಪುವಂತೆ ಕಡಿಮೆ ಡೇಟಾದಲ್ಲಿ ಕೊಡಬೇಕು. ಇಲ್ಲದಿದ್ದರೆ ಹಿಂದುಳಿದ ಮಗು ಸದ್ದಿಲ್ಲದೆ ಇನ್ನೂ ಹಿಂದುಳಿಯುತ್ತದೆ.

ಹಾಗಾದರೆ ತರಗತಿಯ ಅನುಭವ ವ್ಯರ್ಥವೇ? ಖಂಡಿತ ಇಲ್ಲ. ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದು ಸಾಫ್ಟ್‌ವೇರ್‌ಗಿಂತ ಶಿಕ್ಷಕರಿಗೇ ಚೆನ್ನಾಗಿ ಗೊತ್ತು. ಬಂಡವಾಳ ಅದೇ. ಉಳಿದದ್ದನ್ನು ಕಲಿಯಬಹುದು, ‘ಸ್ವಯಂ’ ತಾಣದ ಕೋರ್ಸ್‌ಗಳನ್ನು ಉಚಿತವಾಗಿ ಓದಬಹುದು.

ಕೆಲಸ ಕೊಡಿಸಲು ನೋಂದಣಿ ಶುಲ್ಕ ಕೇಳುವ ಸಂದೇಶ ಬಂದರೆ ಹಣ ಕಳಿಸಬೇಡಿ, ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಸಂದೇಶದಲ್ಲಿರುವುದು ಅರ್ಧಸತ್ಯ. ದಾರಿ ಇದೆ, ಅಡ್ಡದಾರಿ ಇಲ್ಲ.