ಬಾಯಿ ದೇಹದ ಭಾಗವಲ್ಲವೇ?

ನನ್ನ ಪರ್ಸಿನಲ್ಲಿ ಮೂರು ವಿಮಾ ಕಾರ್ಡುಗಳಿವೆ. ದೇಹಕ್ಕೊಂದು, ಕಣ್ಣಿಗೊಂದು, ಹಲ್ಲಿಗೊಂದು. ಅಮೆರಿಕಕ್ಕೆ ಬಂದ ಹೊಸದರಲ್ಲಿ ಇದು ತಮಾಷೆಯಾಗಿ ಕಂಡಿತ್ತು. ನಮ್ಮ ಭಾವ ವಾರಕ್ಕೆ ಮೂರು ದಿನ ಡಯಾಲಿಸಿಸ್ ಕುರ್ಚಿಯಲ್ಲಿ ಕೂರತೊಡಗಿದ ಮೇಲೆ ಆ ನಗು ನಿಂತುಹೋಯಿತು.

ಭಾವನವರದು ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ. ಹಲ್ಲುಜ್ಜಿದಾಗಲೆಲ್ಲ ವಸಡಿನಲ್ಲಿ ರಕ್ತ. "ಒಮ್ಮೆ ತೋರಿಸಿ ಭಾವ" ಎಂದರೆ, "ಇಲ್ಲಿ ಯಾರು ಸುರೀತಾರೋ ಅಷ್ಟು ದುಡ್ಡು? ಡಿಸೆಂಬರಿನಲ್ಲಿ ಮೈಸೂರಿಗೆ ಹೋದಾಗ ತೋರಿಸಿದರಾಯಿತು, ಬಿಡು" ಎನ್ನುತ್ತಿದ್ದರು. ಹಲ್ಲು ನೋವು ಬಂದಾಗ ಐಬುಪ್ರೊಫೆನ್ ನುಂಗುತ್ತಿದ್ದರು. ಸೋತ ಮೂತ್ರಪಿಂಡಕ್ಕೆ ಆ ಮಾತ್ರೆಯೇ ಇನ್ನೊಂದು ಪೆಟ್ಟು ಎಂದು ನಮಗಾರಿಗೂ ತಿಳಿದಿರಲಿಲ್ಲ. ವೈದ್ಯರು ಕ್ರಿಯಾಟಿನಿನ್ ನೋಡಿದರು, ರಕ್ತದೊತ್ತಡ ನೋಡಿದರು. ಬಾಯಿ ತೆರೆಯಿರಿ ಎನ್ನಲಿಲ್ಲ.

ವಸಡಿನಿಂದಲೇ ಅವರ ಮೂತ್ರಪಿಂಡ ಹಾಳಾಯಿತೆಂದು ನಾನು ಹೇಳುತ್ತಿಲ್ಲ. ಸಕ್ಕರೆಯ ಪಾಲೇ ದೊಡ್ಡದು. ಆದರೆ ವಸಡಿನ ರೋಗ ಬಾಯಲ್ಲೇ ನಿಲ್ಲುವುದಿಲ್ಲ. ಹಲ್ಲಿನ ಬುಡದಲ್ಲಿ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಅಗಿಯುವಾಗ, ಉಜ್ಜುವಾಗ ರಕ್ತಕ್ಕೆ ಸೇರುತ್ತವೆ. ಉರಿಯೂತ ರಕ್ತನಾಳಗಳನ್ನು ಕಾಡುತ್ತದೆ. ಮೂತ್ರಪಿಂಡವೆಂದರೆ ಸೂಕ್ಷ್ಮ ರಕ್ತನಾಳಗಳ ಗೊಂಚಲುಗಳೇ ತಾನೆ? ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು 700ಕ್ಕೂ ಹೆಚ್ಚು ಮೂತ್ರಪಿಂಡ ರೋಗಿಗಳನ್ನು ಪರೀಕ್ಷಿಸಿ 2021ರಲ್ಲಿ ಹೇಳಿದ್ದು ಇದನ್ನೇ: ವಸಡಿನ ಉರಿಯೂತ ಹೆಚ್ಚಿದರೆ ಮೂತ್ರಪಿಂಡ ಸೊರಗುತ್ತದೆ, ಮೂತ್ರಪಿಂಡ ಸೊರಗಿದರೆ ವಸಡು ಇನ್ನಷ್ಟು ಕೆಡುತ್ತದೆ.

"ಪೂರ್ತಿ ಸಾಬೀತಾಗಿಲ್ಲವಲ್ಲ" ಎನ್ನುವವರಿದ್ದಾರೆ. ನಿಜ, ವಸಡು ಸರಿಹೋದರೆ ಮೂತ್ರಪಿಂಡ ಉಳಿಯುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಮಧುಮೇಹಿಗಳ ರಕ್ತದ ಸಕ್ಕರೆ ತುಸು ಇಳಿಯುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. ಕೀವು ತುಂಬಿದ ವಸಡನ್ನು ಸರಿಪಡಿಸಲು ಇನ್ನೇನು ಕಾರಣ ಬೇಕು?

ಈ ದೇಶದ ಲೆಕ್ಕಾಚಾರ ನೋಡಿ. 1965ರ ಮೆಡಿಕೇರ್ ಕಾನೂನು ಹಲ್ಲಿನ ಸಾಮಾನ್ಯ ಚಿಕಿತ್ಸೆಯನ್ನು ಹೊರಗಿಟ್ಟಿತು. 1972ರ ತಿದ್ದುಪಡಿ, ಮೂತ್ರಪಿಂಡ ಕೈಕೊಟ್ಟ ಬಹುತೇಕ ಎಲ್ಲರಿಗೂ ವಯಸ್ಸು ನೋಡದೆ ಮೆಡಿಕೇರಿನ ಬಾಗಿಲು ತೆರೆಯಿತು. 2025ರಿಂದ ಡಯಾಲಿಸಿಸ್ ರೋಗಿಗಳ ಬಾಯಿಯ ಸೋಂಕಿನ ಪರೀಕ್ಷೆ, ಚಿಕಿತ್ಸೆಗಳಿಗೂ ಅದು ದುಡ್ಡು ಕೊಡುತ್ತಿದೆ. ಒಳ್ಳೆಯದೇ. ಅಂದರೆ, ಮೂತ್ರಪಿಂಡ ಹೋದ ಮೇಲೆ ಬಾಯಿ ದೇಹದ ಭಾಗವಾಗುತ್ತದೆ! ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಊರಿನಲ್ಲಿರುವ ಓದುಗರು ನಗಬೇಡಿ. ಅಲ್ಲಿನ ಆರೋಗ್ಯ ವಿಮೆಗಳೂ ಹಲ್ಲಿನ ಖರ್ಚು ಕೊಡುವುದು ಸಾಮಾನ್ಯವಾಗಿ ಅಪಘಾತವಾದರೆ ಮಾತ್ರ. ನಾವಾದರೂ ಎಲ್ಲಿದ್ದರೇನು, ನೋವು ತಡೆಯಲಾರದ ತನಕ ದಂತವೈದ್ಯರ ಮೆಟ್ಟಿಲು ಹತ್ತುವುದಿಲ್ಲ. ವಸಡಿನ ರೋಗವೋ, ಹೆಚ್ಚಾಗಿ ನೋವೇ ಇಲ್ಲದೆ ಬೆಳೆಯುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಕಣ್ಣು, ಪಾದ ನೋಡುವ ಹಾಗೆ ವಸಡನ್ನೂ ನೋಡಲಿ. ಮೂತ್ರಪಿಂಡದ ರೋಗಿಗಳಿಗೂ ಅದೇ ನಿಯಮವಿರಲಿ. ಅದರ ಖರ್ಚನ್ನು ದೇಹದ ಕಾರ್ಡೇ ಕೊಡಲಿ. ಅಲ್ಲಿಯ ತನಕ, ರಕ್ತ ಕಂಡ ದಿನವೇ ನಾವು ಬಾಯಿ ತೆರೆದು ತೋರಿಸೋಣ, ಬಾಯಿ ಬಿಟ್ಟು ಕೇಳೋಣ. ಡಿಸೆಂಬರಿಗೆ ಕಾಯುವುದು ಬೇಡ.

ಭಾವ ಈಗ ಮೈಸೂರಿನ ಮಾತೆತ್ತುವುದಿಲ್ಲ. ವಾರಕ್ಕೆ ಮೂರು ದಿನ ಆ ಕುರ್ಚಿ ಅವರಿಗಾಗಿ ಕಾದಿರುತ್ತದೆ.