ಕಂಬಕ್ಕೆ ತಂತಿಯೇ ಬಲ

1983ರಲ್ಲಿ ನಮ್ಮ ಹೈದರಾಬಾದಿನಲ್ಲಿ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆ ಸ್ಥಾಪನೆಯಾಯಿತು. ಆ ಹವ್ಯಾಸದ ಗಾಳಿ ನಮ್ಮ ಮನೆಯ ಹುಡುಗರಿಗೂ ತಗುಲಬಹುದು. ಮಹಡಿಯ ಮೇಲೆ ಏರಿಯಲ್ ಕಂಬ ನಿಲ್ಲಿಸಹೊರಟಾಗ ಅವರ ಕಣ್ಣೆಲ್ಲ ಎತ್ತರದ ಮೇಲೆ. ಕಂಬವನ್ನು ಹಿಡಿಯುವ ತಂತಿಗಳನ್ನು ಹಿರಿಯರಾದರೂ ನೋಡಿಕೊಳ್ಳಬೇಕು.

ಡೇರೆಯ ಹಗ್ಗಕ್ಕೂ ಈ ತಂತಿಗೂ ನ್ಯಾಯ ಒಂದೇ. ಗಾಳಿ ಯಾವ ದಿಕ್ಕಿನಿಂದ ಬೀಸೀತೆಂದು ಬಲ್ಲವರಾರು? ಆದ್ದರಿಂದ ಕಡಿಮೆಯೆಂದರೆ ಮೂರು ತಂತಿಗಳನ್ನು 120 ಡಿಗ್ರಿ ಅಂತರದಲ್ಲಿ ಸುತ್ತಲೂ ಎಳೆಯಬೇಕು. ತಂತಿಯ ಕೆಳತುದಿ ಕಂಬದ ಬುಡಕ್ಕೆ ತೀರ ಹತ್ತಿರವಾದರೆ, ಅದು ಪಕ್ಕಕ್ಕೆ ಹಿಡಿಯುವುದಕ್ಕಿಂತ ಕಂಬವನ್ನು ಕೆಳಕ್ಕೆ ಅದುಮುವುದೇ ಹೆಚ್ಚು. 10 ಮೀಟರ್ ಎತ್ತರದಲ್ಲಿ ಕಟ್ಟಿದ ತಂತಿಗೆ 6ರಿಂದ 8 ಮೀಟರ್ ದೂರದಲ್ಲಿ ಭದ್ರವಾದ ಆಸರೆ ದೊರೆತರೆ ಲೇಸು. ಸಡಿಲ ಇಟ್ಟಿಗೆಯ ಮೋಟುಗೋಡೆಯನ್ನು ನಂಬಬೇಡಿ. ಮೂರೂ ತಂತಿಗಳ ಬಿಗಿ ಸಮನಾಗಿರಲಿ. ಒಂದೇ ಹೆಚ್ಚು ಎಳೆದರೆ ಕಂಬ ಆ ಕಡೆಗೆ ವಾಲುತ್ತದೆ. ಕಚೇರಿಯಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ!

ದೊಡ್ಡವುಗಳಿಗೂ ಇದೇ ಕಟ್ಟಳೆ. ಪೋಲೆಂಡ್ ದೇಶದಲ್ಲಿದ್ದ 646 ಮೀಟರಿನ ರೇಡಿಯೋ ಕಂಬ ಒಂದು ಕಾಲಕ್ಕೆ ಜಗತ್ತಿನಲ್ಲೆಲ್ಲ ಎತ್ತರವಾದ ರಚನೆ. 1991ರ ಆಗಸ್ಟ್ 8ರಂದು ಅದರ ತಂತಿಗಳನ್ನು ಬದಲಾಯಿಸುತ್ತಿದ್ದಾಗಲೇ ಅದು ಮುರಿದು ಬಿತ್ತು. ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ತಾತ್ಕಾಲಿಕವಾಗಿಯಾದರೂ ಕಟ್ಟಿರಬೇಕು, ಕಟ್ಟಿದ್ದೂ ಗಟ್ಟಿಯಾಗಿರಬೇಕು.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಕಂಬ ಉರುಳಿದರೂ ಬೀದಿಯ ವಿದ್ಯುತ್ ತಂತಿಗೆ ಮುಟ್ಟದಷ್ಟು ದೂರ ಇರಲೇಬೇಕು. ಏಪ್ರಿಲ್-ಮೇ ತಿಂಗಳ ಬಿರುಗಾಳಿ ಏಳುವ ಮುನ್ನ ಒಮ್ಮೆ ಮಹಡಿ ಹತ್ತಿ, ತುಕ್ಕು ಹಿಡಿದ ಗಂಟುಗಳನ್ನು ನೋಡಿ ಬನ್ನಿ. ಕೆಳಗೆ ಆಡುವವು ನಮ್ಮ ಮಕ್ಕಳೇ.