ಬೀರುವಿನ ಬೀಗದ ಕೈ ಯಾರ ಬಳಿ ಇದೆ?



ನಿವೃತ್ತಿಯ ನಂತರ ನಾನು ಯಲಹಂಕ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ವಾರಕ್ಕೆರಡು ದಿನ ಹೋಗಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಒಂದು ಬೆಳಿಗ್ಗೆ ನಲಿಕಲಿ ತರಗತಿಯ ಶಿಕ್ಷಕಿ ತುರ್ತು ರಜೆಯಲ್ಲಿದ್ದರು. ಅವರ ಬದಲಿಗೆ ಬಂದ ಅತಿಥಿ ಶಿಕ್ಷಕಿ ಏನು ಮಾಡುವುದೆಂದು ತಿಳಿಯದೆ ನಿಂತಿದ್ದರು. ಕಾರ್ಡುಗಳು ಬೀರುವಿನೊಳಗೆ, ಬೀಗದ ಕೈ ರಜೆಯಲ್ಲಿದ್ದವರ ಮನೆಯಲ್ಲಿ. ಬಿಸಿಯೂಟದ ಗಂಟೆ ಹೊಡೆಯುವವರೆಗೂ ಮಕ್ಕಳು ಒಂದರಿಂದ ನೂರು ಬರೆದರು, ಅಳಿಸಿದರು, ಮತ್ತೆ ಬರೆದರು. ಸಂಜೆ ಪೋಷಕರೊಬ್ಬರು, "ಗೆಸ್ಟ್ ಟೀಚರ್‌ಗೆ ಏನೂ ಬರಲ್ಲ ಸಾರ್" ಎಂದರು. ತಪ್ಪು ಆ ಹೆಣ್ಣುಮಗಳದ್ದಾಗಿರಲಿಲ್ಲ.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹಬ್ಬಿದ ನಲಿಕಲಿಯಲ್ಲಿ ಇಡೀ ತರಗತಿಗೆ ಒಂದೇ ಪಾಠವಿಲ್ಲ. ಕಲಿಕಾ ಏಣಿಯ ಮೇಲೆ ಪ್ರತಿ ಮಗುವೂ ತನ್ನದೇ ಮೆಟ್ಟಿಲಲ್ಲಿರುತ್ತದೆ. ಯಾರು ಎಲ್ಲಿದ್ದಾರೆಂದು ತಿಳಿಯದವರು ಎಷ್ಟೇ ಓದಿದ್ದರೂ ಅಲ್ಲಿ ಕೈಕಟ್ಟಿ ಕೂರಬೇಕಾಗುತ್ತದೆ.

ಇದು ನನಗೆ ಹೊಸ ಪಾಠವಲ್ಲ. ಕಿರಿಯ ಎಂಜಿನಿಯರ್ ಆಗಿದ್ದಾಗ ಒಂದು ಊರಿನ ನೀರು ಸರಬರಾಜು ನನ್ನ ಸುಪರ್ದಿಯಲ್ಲಿತ್ತು. ಯಾವ ವಾಲ್ವ್ ಯಾವ ಹೊತ್ತಿಗೆ ತಿರುಗಿಸಬೇಕೆಂಬುದನ್ನು ಬರೆದಿಡದೆ ರಜೆ ಹೋದೆ. ಎರಡು ಬೀದಿಗೆ ಅಂದು ನೀರು ಹೋಗಲಿಲ್ಲ. ಬೈಸಿಕೊಂಡವನು ನನ್ನ ಬದಲಿಗೆ ನಿಂತವನು. ಆ ನಾಚಿಕೆ ಇನ್ನೂ ಇದೆ.

ಶಿಕ್ಷಕರ ಗೈರುಹಾಜರಿ ಅಪರೂಪವಲ್ಲ. ಹೆರಿಗೆ ರಜೆಯೇ 180 ದಿನ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಕಳಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಮೇ ಅವಕಾಶ ಕೊಟ್ಟಿದೆ. ಬಂದೇ ಬರುವ ಹೊರೆಯನ್ನು ಲೆಕ್ಕಕ್ಕೆ ಹಿಡಿಯದೆ ಯಾರೂ ಸೇತುವೆ ಕಟ್ಟುವುದಿಲ್ಲ.

ಬೇಕಾದದ್ದು ಒಂದು ಫೈಲು ಮಾತ್ರ. ಯಾವ ಮಗು ಯಾವ ಮೆಟ್ಟಿಲಲ್ಲಿದೆ. ಯಾವ ಗುಂಪು ತಾನೇ ಕಲಿಯಬಲ್ಲದು, ಯಾವುದಕ್ಕೆ ಶಿಕ್ಷಕರೇ ಪಕ್ಕದಲ್ಲಿರಬೇಕು. ಯಾರಿಗೆ ಮೂರ್ಛೆ ಬರುತ್ತದೆ, ಯಾರಿಗೆ ಕಿವಿ ಮಂದ. ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ. ಯಾರನ್ನು ತಾಯಿಯ ಕೈಗೇ ಒಪ್ಪಿಸಬೇಕು. ನಮ್ಮ ಕಡೆ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಹೆಚ್ಚು. ಯಾರ ಮನೆಮಾತು ತೆಲುಗು, ಯಾರದು ಹಿಂದಿ ಎಂಬುದೂ ಅಲ್ಲಿರಲಿ. ಜೊತೆಗೆ ಎರಡು ದಿನಕ್ಕಾಗುವಷ್ಟು ಚಟುವಟಿಕೆ. ಬೀಗದ ಇನ್ನೊಂದು ಕೈ ಮುಖ್ಯಶಿಕ್ಷಕರ ಮೇಜಿನಲ್ಲಿರಲಿ.

"ಈಗಿರುವ ದಾಖಲೆಗಳೇ ಸಾಕಾಗಿವೆ" ಎಂದು ಶಿಕ್ಷಕರು ಹೇಳುತ್ತಾರೆ. ಆ ಮಾತು ನಿಜ. ಆದರೆ ಉಳಿದ ದಾಖಲೆಗಳು ಮೇಲಧಿಕಾರಿಗಳಿಗೆ, ಇದೊಂದು ಮಕ್ಕಳಿಗೆ. ಶನಿವಾರ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಬಿಡುವು ಮಾಡಿಕೊಡುವುದು ಆಡಳಿತದವರ ಹೊಣೆ.

ಇನ್ನೊಂದು ಮಾತು ನಮ್ಮ ಮನೆಯದು. ಕಾಯಕದಲ್ಲಿ ಮೇಲು ಕೀಳಿಲ್ಲ ಎನ್ನುವ ನಾವು, ಕಾಯಂ ಶಿಕ್ಷಕರಿಗೆ ಕುರ್ಚಿ, ಅತಿಥಿ ಶಿಕ್ಷಕರಿಗೆ ಬಾಗಿಲ ಬಳಿಯ ಬೆಂಚು ಎಂಬ ಭೇದ ಮಾಡುತ್ತಿಲ್ಲವೇ? 2025-26ರ ಬಜೆಟ್‌ನಲ್ಲಿ 2,000 ರೂ. ಹೆಚ್ಚಿಸಿದ ಮೇಲೂ ಸರ್ಕಾರಿ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 12,000 ರೂ. ಆಗಿತ್ತು. ಮಠಗಳ ಶಾಲೆಗಳು ತಮ್ಮ ಲೆಕ್ಕವನ್ನೂ ಒಮ್ಮೆ ತೆರೆದು ನೋಡಲಿ. ಅತಿಥಿ ಎಂದು ಕರೆದ ಮೇಲೆ ಬರಮಾಡಿಕೊಳ್ಳುವ ರೀತಿಯೂ ಅದಕ್ಕೆ ತಕ್ಕಂತಿರಬೇಕು. ಕಲಿತದ್ದನ್ನು ತನ್ನಲ್ಲೇ ಬೀಗ ಹಾಕಿಟ್ಟುಕೊಳ್ಳದೆ ಮುಂದಿನವರಿಗೆ ಒಪ್ಪಿಸುವುದೂ ದಾಸೋಹವೇ.

ಪೂಜ್ಯರಲ್ಲಿ ನನ್ನ ಕೋರಿಕೆ ಇಷ್ಟೆ: ನಿಮ್ಮ ಮಠದ ಶಾಲೆಗೆ ಮುಂದಿನ ಬಾರಿ ಹೋದಾಗ ಒಂದನೇ ತರಗತಿಯ ಬಾಗಿಲಲ್ಲಿ ನಿಂತು, "ನಾಳೆ ಇವರು ಬರದಿದ್ದರೆ?" ಎಂದು ಕೇಳಿ. ಉತ್ತರವಾಗಿ ಯಾರಾದರೂ ಒಂದು ಫೈಲು ತಂದು ತೋರಿಸಿದರೆ ಆ ಶಾಲೆ ಚೆನ್ನಾಗಿದೆ ಎಂದೇ ತಿಳಿಯಿರಿ.